ಮಳೆ ಪುಸ್ತಕದಲ್ಲಿ ಇನ್ನೊಂದು ಕಾಲಂ

ಪ್ರಶ್ನೆ: ಆಲ್ದೂರಿನ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದೇನೆ. ವಯಸ್ಸು 38. ಮೂರು ವರ್ಷದಿಂದ ಒಂದೇ ಕತೆ. ಮೇ ತಿಂಗಳಲ್ಲಿ ಡಂಬೆಲ್ ಎತ್ತಲು ಶುರು ಮಾಡುತ್ತೇನೆ. ಮಳೆಗಾಲ ಪೂರ್ತಿ ವಾರಕ್ಕೆ ಐದು ದಿನ ಬಿಡದೆ ನಡೆಯುತ್ತದೆ. ಮೈ ಸ್ವಲ್ಪ ಗಟ್ಟಿಯಾಯಿತು ಅನ್ನಿಸುವ ಹೊತ್ತಿಗೆ ನವೆಂಬರ್ ಬಂತು, ಹಣ್ಣು ಕುಯ್ಲು ಶುರುವಾಯಿತು. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟವನು ತೂಕ, ಪಲ್ಪರ್ ಎಲ್ಲ ಮುಗಿಸಿ ಬರುವುದು ರಾತ್ರಿ ಒಂಬತ್ತಕ್ಕೆ. ಅಲ್ಲಿಗೆ ವ್ಯಾಯಾಮ ನಿಂತಿತು. ಮತ್ತೆ ಮೇ ತಿಂಗಳಲ್ಲಿ ಮೊದಲಿನಿಂದ. ದಿನವಿಡೀ ತೋಟ ಸುತ್ತುವವನಿಗೆ ಇದೆಲ್ಲ ಬೇಕಾ ಎಂದು ಮನೆಯವರು ನಗುತ್ತಾರೆ. ನನ್ನಲ್ಲಿ ಶಿಸ್ತು ಇಲ್ಲವೇ? ಇಷ್ಟು ಕೆಲಸದ ನಡುವೆ ಬಿಡದೆ ನಡೆಸುವುದು ಹೇಗೆ?
– ಒಬ್ಬ ಓದುಗ, ಆಲ್ದೂರು

ಉತ್ತರ: ಶಿಸ್ತಿನ ಮಾತನ್ನು ಮೊದಲೇ ಮುಗಿಸಿಬಿಡೋಣ. ಅರೇಬಿಕಾ ಹಣ್ಣು ಕುಯ್ದ ದಿನವೇ ಸಿಪ್ಪೆ ಬಿಡಿಸುವ ಪಲ್ಪರ್ ಕಾಣಬೇಕು. ರಾಶಿಯಲ್ಲೇ ರಾತ್ರಿ ಕಳೆದರೆ ಬಿಸಿಯೇರಿ ಹುಳಿಯುತ್ತದೆ, ಆ ವಾಸನೆ ಕೊನೆಗೆ ಲೋಟದವರೆಗೂ ಬರುತ್ತದೆ. ಅದಕ್ಕೇ ನೀವು ಕತ್ತಲಾದರೂ ಪಲ್ಪರ್ ಪಕ್ಕ ನಿಂತಿರುತ್ತೀರಿ. ಬೆಳಿಗ್ಗೆ ಹಾಜರಿ, ಸಂಜೆ ತೂಕ, ವಾರಕ್ಕೊಮ್ಮೆ ಬಟವಾಡೆ, ಡಿಸೆಂಬರಿನಲ್ಲಿ ಮೋಡ ಕವಿದರೆ ನಡುರಾತ್ರಿ ಕಣಕ್ಕೆ ಓಡಿ ಟಾರ್ಪಾಲು ಎಳೆಯುವುದು. ತಿಂಗಳುಗಟ್ಟಲೆ ಇದನ್ನೆಲ್ಲ ಒಂದು ದಿನ ತಪ್ಪದೆ ನಡೆಸುವ ಮನುಷ್ಯ ‘ನನ್ನಲ್ಲಿ ಶಿಸ್ತು ಇಲ್ಲವೇ’ ಎಂದು ಕೇಳಿದರೆ ಏನು ಹೇಳಲಿ? ನಿಮ್ಮದು ಅಳತೆ ತಪ್ಪಿದ ಕೇಸು. ಮೇ ತಿಂಗಳ ಬಿಡುವಿಗೆ ಅಳತೆ ಕೊಟ್ಟು ಅಂಗಿ ಹೊಲಿಸಿದ್ದೀರಿ, ಡಿಸೆಂಬರಿನಲ್ಲಿ ಅದು ತೋಳಿಗೇ ಏರುತ್ತಿಲ್ಲ.

ಹಾಗಾಗಿ ಅಳತೆಯನ್ನು ವರ್ಷದ ಅತಿ ಕೆಟ್ಟ ವಾರಕ್ಕೆ ತೆಗೆಯಿರಿ. ಆಳು ಕಡಿಮೆ, ಹಣ್ಣು ಜಾಸ್ತಿ, ಮೇಲಿಂದ ಅಕಾಲ ಮಳೆ: ಅಂಥ ವಾರದಲ್ಲೂ ಎಷ್ಟು ಮಾಡಬಹುದು? ಅಷ್ಟನ್ನು ಮಾತ್ರ ಕಡ್ಡಾಯ ಎಂದಿಟ್ಟುಕೊಳ್ಳಿ. ಮಳೆಗಾಲದಲ್ಲಿ ಅದರ ಮೇಲೆ ಎಷ್ಟು ಮಾಡಿದರೂ ಬೋನಸ್ಸು.

ಮನೆಯವರ ನಗುವಿಗೂ ಒಂದು ಉತ್ತರ ಬೇಕಲ್ಲ. ದಿನವೂ ಏರು ತಗ್ಗು ಹತ್ತಿ ಇಳಿಯುವವರ ಎದೆ ಗಟ್ಟಿ ಇರುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ನಡಿಗೆ ಎಂದರೆ ಒಂದೇ ಹಗುರ ಕೆಲಸವನ್ನು ಸಾವಿರಾರು ಸಲ ಮಾಡುವುದು. ಸ್ನಾಯು ಬಲಿಯುವುದು ಹತ್ತು ಹದಿನೈದು ಸಲಕ್ಕೆ ‘ಇನ್ನು ಸಾಕಪ್ಪಾ’ ಅನ್ನಿಸುವ ಕೆಲಸದಿಂದ. ಅದೂ ಅಲ್ಲದೆ ಹೆಗಲಿಗೆ, ಬೆನ್ನಿಗೆ, ತೋಳಿಗೆ ನಡಿಗೆಯಿಂದ ಏನೂ ದಕ್ಕುವುದಿಲ್ಲ. ಮೂವತ್ತು ದಾಟಿದ ಮೇಲೆ ಸುಮ್ಮನಿದ್ದರೆ ಹತ್ತು ವರ್ಷಕ್ಕೆ ನೂರಕ್ಕೆ 3ರಿಂದ 8ರಷ್ಟು ಸ್ನಾಯು ಕರಗುತ್ತದೆ ಎಂಬ ಅಂದಾಜಿದೆ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಎರಡನ್ನೂ ಬೇರೆ ಬೇರೆಯಾಗಿಯೇ ಬರೆದಿದೆ: ಬಿರುಸು ನಡಿಗೆಯಂಥದ್ದು ವಾರಕ್ಕೆ 150ರಿಂದ 300 ನಿಮಿಷ, ಅದರ ಜೊತೆಗೆ ಎಲ್ಲ ಮುಖ್ಯ ಸ್ನಾಯುಗಳಿಗೂ ಬಲ ಬರುವ ವ್ಯಾಯಾಮ ವಾರಕ್ಕೆ ಎರಡು ದಿನ ಅಥವಾ ಹೆಚ್ಚು. ಮೊದಲನೆಯದನ್ನು ತೋಟವೇ ಸಂಬಳ ಕೊಟ್ಟು ನಿಮ್ಮಿಂದ ಮಾಡಿಸುತ್ತಿದೆ. ಎರಡನೆಯದಕ್ಕೆ ಎರಡೇ ದಿನ ಸಾಕು ಎಂಬುದನ್ನು ಗಮನಿಸಿ. ಐದು ದಿನ ಮಾಡಬೇಕೆಂದು ನಿಮಗೆ ಹೇಳಿದವರು ಯಾರೋ ಗೊತ್ತಿಲ್ಲ, ಬಹುಶಃ ಮೊಬೈಲಿನಲ್ಲಿ ಸಿಕ್ಕಿದವರು.

ಹಾಗಾದರೆ ಮೂಟೆ ಹೊರುವವರಿಗೆ ವ್ಯಾಯಾಮ ಬೇಡವೇ ಎಂದು ಕೇಳಬಹುದು. ಲಾರಿಗೆ ಲೋಡ್ ಮಾಡುವ ದಿನ ಕಣದ ಮೂಲೆಯಲ್ಲಿ ನಿಂತು ನೋಡಿ. ಐವತ್ತು ಕಿಲೋ ಮೂಟೆಗೆ ಕೈ ಹಾಕುವ ಮೊದಲು ಪಳಗಿದ ಆಳು ಎರಡೂ ಪಾದ ಅಗಲಿಸಿ ಮೂಟೆಯ ಹತ್ತಿರಕ್ಕೆ ಬರುತ್ತಾನೆ. ಸೊಂಟ ಹಿಂದಕ್ಕೆ ಹೋಗುತ್ತದೆ, ಬೆನ್ನು ಹಲಗೆಯ ಹಾಗೆ ನೇರ ಇರುತ್ತದೆ. ಮೂಟೆಯನ್ನು ಮೈಗೆ ಒತ್ತಿಕೊಂಡು ‘ಹುಂ’ ಎಂದು ಉಸಿರು ಬಿಡುತ್ತ ಕಾಲಿನಿಂದ ಮೇಲೇಳುತ್ತಾನೆ. ಪೇಟೆಯ ಜಿಮ್ಮುಗಳಲ್ಲಿ ತಿಂಗಳಿಗೆ ಸಾವಿರಗಟ್ಟಲೆ ತೆಗೆದುಕೊಂಡು ಕಲಿಸುವ ಡೆಡ್‌ಲಿಫ್ಟ್ ಎಂಬುದು ಇದೇ. ಆದರೆ ಅವನ ಭಾರವನ್ನು ಆಯ್ಕೆ ಮಾಡುವವನು ಅವನಲ್ಲ. ಇವತ್ತು ಬೆನ್ನು ಹಿಡಿದಿದೆ, ಮೂವತ್ತು ಕಿಲೋ ಕೊಡಿ ಎನ್ನುವಂತಿಲ್ಲ. ನಾಳೆ ವಿಶ್ರಾಂತಿ ಎನ್ನುವಂತಿಲ್ಲ. ಹಣ್ಣಿನ ಚೀಲ ತಲೆ ಮೇಲೆ ಹೊತ್ತು ತೂಕದ ಜಾಗಕ್ಕೆ ಇಳಿದು ಬರುವ ಹೆಂಗಸರ ಪಾಡೂ ಅದೇ. ಬಲದ ವ್ಯಾಯಾಮದಲ್ಲಿ ಭಾರವೂ ಬಿಡುವೂ ನಮ್ಮ ಕೈಯಲ್ಲಿರುತ್ತದೆ, ದುಡಿಮೆಯಲ್ಲಿ ಇರುವುದಿಲ್ಲ. ಇಂಥ ಪ್ರಶ್ನೆ ಆಳುಗಳ ಲೈನ್ ಮನೆಯಿಂದ ನನಗೆ ಈವರೆಗೆ ಬಂದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಇನ್ನು ನಿಮ್ಮ ಮುಖ್ಯ ಭಯ: ನವೆಂಬರಿನಲ್ಲಿ ಕಡಿಮೆ ಮಾಡಿದರೆ ಮಳೆಗಾಲದಲ್ಲಿ ಗಳಿಸಿದ್ದೆಲ್ಲ ಹೋಗುತ್ತದಲ್ಲ, ಹಾಗಾದರೆ ಪೂರ್ತಿ ಬಿಟ್ಟರೇನು, ಅರೆಬರೆ ಮಾಡಿದರೇನು? ಇದಕ್ಕೆ ಒಳ್ಳೆಯ ಉತ್ತರ ಸಿಕ್ಕಿದೆ. ಅಮೆರಿಕದ ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಅಲಬಾಮಾ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೊದಲ 16 ವಾರ ಎಲ್ಲರಿಂದಲೂ ವಾರಕ್ಕೆ ಮೂರು ದಿನ ಭಾರ ಎತ್ತಿಸಿದರು. ಆಮೇಲಿನ 32 ವಾರ ಕೆಲವರಿಗೆ ಪೂರ್ತಿ ರಜೆ, ಕೆಲವರಿಗೆ ಮೊದಲಿನ ಮೂರನೇ ಒಂದು ಪಾಲು, ಇನ್ನು ಕೆಲವರಿಗೆ ಒಂಬತ್ತನೇ ಒಂದು ಪಾಲು. ಒಂಬತ್ತನೇ ಒಂದು ಎಂದರೆ ವಾರಕ್ಕೆ ಒಂದೇ ದಿನ, ಮೂರು ಸುತ್ತಿನ ಬದಲು ಒಂದೇ ಸುತ್ತು. ಎತ್ತುವ ಭಾರವನ್ನು ಮಾತ್ರ ಇಳಿಸಲಿಲ್ಲ. 20ರಿಂದ 35 ವಯಸ್ಸಿನವರಲ್ಲಿ ಆ ಒಂಬತ್ತನೇ ಪಾಲಿನಿಂದಲೇ ಸ್ನಾಯು ಉಳಿಯಿತು. 60ರಿಂದ 75ರವರಲ್ಲಿ ಸ್ನಾಯುವಿನ ಗಾತ್ರ ಉಳಿಯಲು ಅದು ಸಾಲಲಿಲ್ಲ, ಆದರೆ ಶಕ್ತಿ ಬಹುಮಟ್ಟಿಗೆ ಉಳಿದುಕೊಂಡಿತು. ನೀವು ಈ ಎರಡೂ ಗುಂಪಿನ ನಡುವಿನವರು, ಆದ್ದರಿಂದ ಒಂಬತ್ತನೇ ಒಂದಕ್ಕೂ ಮೂರನೇ ಒಂದಕ್ಕೂ ನಡುವಿನ ಪಾಲು ಎಂದಿಟ್ಟುಕೊಳ್ಳೋಣ. ಅರೇಬಿಕಾ ಶುರುವಾಗಿ ರೊಬಸ್ಟಾ ಮುಗಿಯುವವರೆಗೆ, ನವೆಂಬರಿನಿಂದ ಮಾರ್ಚಿನವರೆಗೆ ಲೆಕ್ಕ ಹಾಕಿದರೂ ಇಪ್ಪತ್ತೆರಡು ವಾರ ದಾಟುವುದಿಲ್ಲ. ಅವರು ಪರೀಕ್ಷಿಸಿದ್ದು 32 ವಾರ.

ಕುಯ್ಲಿನ ಕಾಲಕ್ಕೆ ನಿಮ್ಮ ಪಾಲು ಇಷ್ಟು: ವಾರಕ್ಕೆ ಎರಡು ದಿನ, ದಿನಕ್ಕೆ ಹತ್ತು ನಿಮಿಷ. ಭಾರ ಮಳೆಗಾಲದಲ್ಲಿ ಎತ್ತುತ್ತಿದ್ದಷ್ಟೇ ಇರಲಿ, ಸುತ್ತು ಒಂದಕ್ಕೆ ಇಳಿಯಲಿ. ಸುಸ್ತಾಗಿದೆ ಎಂದು ಹಗುರದ್ದನ್ನು ಐವತ್ತು ಸಲ ಎತ್ತುವುದು ಲಾಭವಿಲ್ಲದ ಬಾಬತ್ತು.

ಹೂಮಳೆಯ ಲೆಕ್ಕ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಫೆಬ್ರವರಿ ಮಾರ್ಚಿನಲ್ಲಿ ಒಂದಿಂಚು ಮಳೆ ಬಿದ್ದರೆ, ಅಥವಾ ರಾತ್ರಿಯೆಲ್ಲ ನಿದ್ದೆಗೆಟ್ಟು ಸ್ಪ್ರಿಂಕ್ಲರ್ ಬಿಟ್ಟರೆ, ವಾರ ಹತ್ತು ದಿನದಲ್ಲಿ ರೊಬಸ್ಟಾ ಗಿಡ ಮಲ್ಲಿಗೆ ಮುಡಿದ ಹಾಗೆ ನಿಲ್ಲುತ್ತದೆ. ದಾರಿಯಲ್ಲಿ ಹೋಗುವವರು ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ತೋಟದವರು ಮಾತ್ರ ಆಕಾಶ ನೋಡುತ್ತಿರುತ್ತಾರೆ, ಬ್ಯಾಕಿಂಗ್ ಯಾವಾಗ ಎಂದು. ಹೂವಾದ ಎರಡು ಮೂರು ವಾರದೊಳಗೆ ಆ ಎರಡನೇ ಮಳೆ ಬಾರದಿದ್ದರೆ ಕಾಯಿ ಕಚ್ಚುವುದಿಲ್ಲ. ಮೇ ತಿಂಗಳ ನಿಮ್ಮ ಉತ್ಸಾಹ ಆ ಹೂಮಳೆ. ಮೂರು ವರ್ಷದಿಂದ ನಿಮಗೆ ಹೂವಿನ ಕೊರತೆಯಾಗಿಲ್ಲ.

ಈಗ ಹತ್ತು ನಿಮಿಷ ಎಲ್ಲಿಂದ ತರುವುದು ಎಂಬ ಪ್ರಶ್ನೆ. ರಾತ್ರಿ ಒಂಬತ್ತಕ್ಕೆ ಮನೆಗೆ ಬಂದು ಡಂಬೆಲ್ ಹಿಡಿಯುತ್ತೇನೆ ಎಂಬ ಸಂಕಲ್ಪವನ್ನು ನಾನು ನಂಬುವುದಿಲ್ಲ, ನೀವೂ ನಂಬಬೇಡಿ. ಬಚ್ಚಲೊಲೆಯ ಬಿಸಿನೀರು, ಊಟ, ಹಾಸಿಗೆ: ಈ ಮೂರರ ಎದುರು ಯಾವ ಸಂಕಲ್ಪವೂ ನಿಲ್ಲುವುದಿಲ್ಲ. ಆದರೆ ನಿಮ್ಮ ದಿನದಲ್ಲಿ ಈಗಾಗಲೇ ಅಲುಗಾಡದ ಒಂದು ಗೂಟ ಇರಬೇಕು: ಮಳೆ ಅಳೆಯುವುದು. ಮಲೆನಾಡಿನ ಎಷ್ಟೋ ತೋಟಗಳಲ್ಲಿ ಬೆಳಿಗ್ಗೆ ಮಾಪಕದ ನೀರು ಅಳೆದು ಇಂಚು, ಸೆಂಟ್ಸ್ (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲಿ ಪುಸ್ತಕಕ್ಕೆ ಬರೆಯುವ ಪದ್ಧತಿ ಇದೆ. ಅಜ್ಜನ ಕಾಲದ ಮಳೆಯನ್ನೂ ತೆಗೆದು ತೋರಿಸುವ ಮನೆಗಳಿವೆ. ಹಾಜರಿ ಮುಗಿಸಿ, ಮಳೆ ಅಳೆದು, ಪುಸ್ತಕ ಮುಚ್ಚುವ ಮೊದಲು ಬುಧವಾರ ಒಂದು ದಿನ, ಶನಿವಾರ ಒಂದು ದಿನ ಹತ್ತು ನಿಮಿಷ ಸ್ಟೋರ್ ರೂಮಿಗೆ ಹೋಗಿ. ಮಾಲೀಕರಿಗೆ ಹೇಳಿಯೇ ಹೋಗಿ, ಕದ್ದು ಮಾಡುವ ಕೆಲಸ ಇದಲ್ಲ. ಬಂದು ಆ ದಿನದ ಮಳೆಯ ಪಕ್ಕದಲ್ಲೇ ಬರೆಯಿರಿ: ಎಷ್ಟು ಕಿಲೋ, ಎಷ್ಟು ಸಲ. ತೋಟದ ಪುಸ್ತಕದಲ್ಲಿ ನಿಮ್ಮ ಲೆಕ್ಕ ಬೇಡವೆಂದರೆ ಅಂಥದ್ದೇ ಇನ್ನೊಂದು ಪುಸ್ತಕ ಪಕ್ಕದಲ್ಲಿಟ್ಟುಕೊಳ್ಳಿ, ಮಳೆಯನ್ನು ಅದರಲ್ಲೂ ನಕಲು ಮಾಡಿ.

ಮಳೆ ಪುಸ್ತಕವನ್ನೇ ಏಕೆ ಹೇಳಿದೆ ಎಂದರೆ, ಅದರಲ್ಲಿ ಸೊನ್ನೆಯನ್ನೂ ಬರೆಯುತ್ತಾರೆ. ಜನವರಿಯ ಪುಟ ತೆಗೆದರೆ ಮೂವತ್ತೊಂದು ಸೊನ್ನೆ ಸಾಲಾಗಿ ನಿಂತಿರುತ್ತದೆ. ಮಳೆ ಬರಲಿಲ್ಲವೆಂದು ಯಾರೂ ಪುಸ್ತಕವನ್ನು ಒಲೆಗೆ ಹಾಕುವುದಿಲ್ಲ, ಮಾಪಕವನ್ನು ಕಿತ್ತು ಎಸೆಯುವುದಿಲ್ಲ. ವ್ಯಾಯಾಮದಲ್ಲಿ ಮಾತ್ರ ಎರಡು ಸೊನ್ನೆ ಬಿದ್ದರೆ ನಾವು ‘ಮುಗಿಯಿತು, ಇನ್ನು ಮುಂದಿನ ವರ್ಷ’ ಎಂದು ಅಂಗಡಿ ಮುಚ್ಚುತ್ತೇವೆ. ನಾನೂ ಮುಚ್ಚಿದವನೇ. ಹಿಂದೊಮ್ಮೆ ಬೆಂಗಳೂರಿನಲ್ಲಿ ಒಂದು ವರ್ಷದ ದುಡ್ಡು ಒಟ್ಟಿಗೆ ಕಟ್ಟಿ ಹನ್ನೊಂದು ದಿನ ಜಿಮ್ಮಿಗೆ ಹೋಗಿದ್ದೆ. ಹನ್ನೆರಡನೇ ದಿನ ಜ್ವರ, ಆಮೇಲೆ ನಾಚಿಕೆ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಹನ್ನೆರಡು ವಾರ ಗಮನಿಸಿ ಅಭ್ಯಾಸ ಹೇಗೆ ಬೇರೂರುತ್ತದೆ ಎಂದು ನೋಡಿದ್ದರು. ತಿಂಡಿಯಾದ ಮೇಲೆ, ಊಟಕ್ಕೆ ಮೊದಲು ಎಂದು ದಿನದ ಯಾವುದಾದರೂ ಒಂದು ಗೂಟಕ್ಕೆ ಪ್ರತಿಯೊಬ್ಬರೂ ಒಂದು ಹೊಸ ಅಭ್ಯಾಸ ಕಟ್ಟಿಕೊಳ್ಳಬೇಕಿತ್ತು. ಅದು ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ, ಕೆಲವರಿಗೆ 254 ದಿನ ಬೇಕಾದೀತೆಂದು ಲೆಕ್ಕ ಬಂತು. ಎಲ್ಲೆಡೆ ಕೇಳುವ ‘21 ದಿನ’ದ ಮಾತಿಗೆ ಅಲ್ಲಿ ಆಧಾರ ಸಿಗಲಿಲ್ಲ. ಒಂದು ದಿನ ತಪ್ಪಿದ್ದರಿಂದ ಅಭ್ಯಾಸಕ್ಕೆ ಗಣನೀಯ ಧಕ್ಕೆಯೂ ಆಗಲಿಲ್ಲ. ನೀವು ವಾರಕ್ಕೆ ಎರಡೇ ದಿನ ಮಾಡುವುದರಿಂದ ನಿಮಗೆ ಇನ್ನೂ ಹೆಚ್ಚು ಕಾಲ ಹಿಡಿಯಬಹುದು. ಹಿಡಿಯಲಿ.

ಜಿಮ್ಮು ಎಂದರೆ ಚಿಕ್ಕಮಗಳೂರು ಪೇಟೆಗೆ ಹೋಗಿ ಬರಬೇಕು, ಅದು ನಿಮಗೆ ಆಗದ ಮಾತು. ಬೆಳಗಿನ ಜಾವ ಓಡಿ ಎಂದು ಯಾರಾದರೂ ಹೇಳಿದರೆ ಅವರಿಗೆ ಆಲ್ದೂರು ಗೊತ್ತಿಲ್ಲ. ಆನೆ ಯಾವ ತೋಟದಲ್ಲಿದೆ ಎಂದು ವಾಟ್ಸಾಪ್ ನೋಡಿಕೊಂಡು ಹಾಲಿಗೆ ಹೋಗುವ ಊರಿನಲ್ಲಿ ಮಬ್ಬುಗತ್ತಲ ಓಟ ಆರೋಗ್ಯದ ಬಾಬತ್ತಲ್ಲ. ಬಲದ ವ್ಯಾಯಾಮಕ್ಕೆ ಇಲ್ಲಿ ಒಂದು ಅನುಕೂಲ ಇದೆ, ನಾಲ್ಕು ಗೋಡೆಯೊಳಗೆ ಮುಗಿಯುತ್ತದೆ. ಮಳೆಗಾಲದಲ್ಲಿ ನಾಲ್ಕು ದಿನ ಕರೆಂಟು ಹೋದರೂ ಅಡ್ಡಿಯಿಲ್ಲ.

ನಿಮ್ಮ ಡಂಬೆಲ್ ಜುಲೈ ಹೊತ್ತಿಗೆ ತುಕ್ಕು ಹಿಡಿದಿರಬೇಕು, ಮ್ಯಾಟಿಗೆ ಬೂಸ್ಟು ಬಂದಿರಬೇಕು. ಕಬ್ಬಿಣಕ್ಕೆ ತೆಂಗಿನೆಣ್ಣೆ ಒರೆಸಿಡಿ. ಅದಕ್ಕಿಂತ ಒಳ್ಳೆಯದು ಮರಳಿನ ಚೀಲ. ಗಟ್ಟಿ ಪ್ಲಾಸ್ಟಿಕ್ಕಿನ ಖಾಲಿ ಗೊಬ್ಬರದ ಚೀಲವನ್ನು ಚೆನ್ನಾಗಿ ತೊಳೆದು, ಒಳಗೆ ಇನ್ನೊಂದು ಚೀಲ ಇಟ್ಟು, ಒಣ ಮರಳು ತುಂಬಿ ಬಾಯಿ ಎರಡು ಸುತ್ತು ಬಿಗಿದು ಹೊಲಿಯಿರಿ. ಪೂರ್ತಿ ತುಂಬಬೇಡಿ, ಕೈಗೆ ಹಿಡಿತ ಸಿಗಲು ಮೇಲೆ ಸಡಿಲ ಇರಲಿ. ಹಣ್ಣು ತೂಗುವ ತಕ್ಕಡಿ ನಿಮ್ಮ ಪಕ್ಕದಲ್ಲೇ ಇದೆ, ಜಗತ್ತಿನ ಯಾವ ಜಿಮ್ಮಿನಲ್ಲೂ ಭಾರವನ್ನು ಇಷ್ಟು ಕರಾರುವಾಕ್ಕಾಗಿ ತೂಗಿಕೊಳ್ಳುವ ಸೌಲಭ್ಯವಿಲ್ಲ. ಹದಿನೈದು ಕಿಲೋದಿಂದ ಶುರು ಮಾಡಿ. ಆ ಚೀಲವನ್ನು ಎದೆಗೆ ಅಪ್ಪಿಕೊಂಡು ಬಸ್ಕಿ, ನೆಲದಿಂದ ಎತ್ತಿ ಇಳಿಸುವುದು, ಸೊಂಟ ಬಾಗಿಸಿ ಹೊಟ್ಟೆಯ ಕಡೆಗೆ ಎಳೆದುಕೊಳ್ಳುವುದು, ಕೊನೆಗೆ ಚೀಲ ಬಿಟ್ಟು ನೆಲದಲ್ಲಿ ದಂಡೆ. ಹತ್ತು ನಿಮಿಷಕ್ಕೆ ಇಷ್ಟೇ. ಇನ್ನು ಎರಡು ಸಲ ಎತ್ತಬಹುದಿತ್ತು ಅನ್ನಿಸುವಾಗ ನಿಲ್ಲಿಸಿ. ಹದಿನೈದು ಸಲ ಸಲೀಸಾಗಿ ಆಗುವ ದಿನ ಎರಡು ಕಿಲೋ ಮರಳು ಸೇರಿಸಿ. ಮಳೆಗಾಲದಲ್ಲಿ ಬಿಡುವಿದ್ದಾಗ ಸುತ್ತನ್ನು ಮೂರಕ್ಕೆ ಏರಿಸಿ, ಜೊತೆಗೆ ಇಪ್ಪತ್ತು ಲೀಟರಿನ ಎರಡು ಕ್ಯಾನಿಗೆ ನೀರು ತುಂಬಿ ಕೈಗೊಂದರಂತೆ ಹಿಡಿದು ಸ್ಟೋರಿನೊಳಗೇ ಉದ್ದಕ್ಕೂ ನಡೆಯಿರಿ. ಕಣದಲ್ಲಿ ಬೇಡ, ಜೂನ್ ಬಂತೆಂದರೆ ಅಲ್ಲಿ ಪಾಚಿ.

ಇದನ್ನೆಲ್ಲ ಅಮೆರಿಕದಿಂದ ಬಂದ ಫ್ಯಾಷನ್ ಎಂದು ಯಾರಾದರೂ ಹಂಗಿಸಿದರೆ, ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಬರೆಸಿದ ‘ಮಾನಸೋಲ್ಲಾಸ’ದ ಮಲ್ಲರ ಭಾಗವನ್ನು ತೋರಿಸಿ. ಭಾರ ಎತ್ತುವ ಸಾಧನೆಗೆ ಅಲ್ಲಿ ‘ಭಾರಶ್ರಮ’ ಎಂಬ ಹೆಸರೇ ಇದೆ. ಇತ್ತೀಚಿನವರು ಬೇಕೆಂದರೆ ಬೆಂಗಳೂರಿನ ಕೆ.ವಿ. ಅಯ್ಯರ್. ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸುತ್ತಿದ್ದವರು, ಸೂರ್ಯನಮಸ್ಕಾರವನ್ನೂ ಡಂಬೆಲನ್ನೂ ಒಂದೇ ಸೂರಿನಡಿ ಕಲಿಸಿದವರು, ಟಿ.ಪಿ. ಕೈಲಾಸಂ ಅವರ ಆಪ್ತರು. ದೂರದ ಊರಿನವರಿಗೆ ಅಂಚೆಯ ಮೂಲಕ ಪಾಠ ಕಳಿಸಿ ಅಂಗಸಾಧನೆ ಮಾಡಿಸುತ್ತಿದ್ದರು. ಪಕ್ಕದಲ್ಲಿ ನಿಂತು ಎಣಿಸುವ ಗುರು ಇಲ್ಲದೆ, ಕಾಗದ ನೋಡಿಕೊಂಡು ಮನೆಯಲ್ಲೇ ಮೈ ಬೆಳೆಸಿದವರು ಆಗಲೇ ಇದ್ದರು. ಅದರ ನಡುವೆ ಅಯ್ಯರ್ ‘ರೂಪದರ್ಶಿ’, ‘ಶಾಂತಲಾ’ ಕಾದಂಬರಿಗಳನ್ನೂ ಬರೆದರು. ‘ಶಾಂತಲಾ’ ಹೊಯ್ಸಳರ ಕತೆ. ಆ ಹೊಯ್ಸಳರ ಮೂಲ ನಿಮ್ಮ ನೆರೆಯ ಮೂಡಿಗೆರೆ ತಾಲ್ಲೂಕಿನ ಅಂಗಡಿ. ಅಲ್ಲಿ ಹುಲಿ ಹೊಡೆದನೆಂಬ ಸಳ ದಿನಾ ಬಸ್ಕಿ ತೆಗೆಯುತ್ತಿದ್ದನೋ ಇಲ್ಲವೋ ಶಾಸನಗಳು ಹೇಳುವುದಿಲ್ಲ.

ಊಟದ ಬಗ್ಗೆ ಉದ್ದ ಭಾಷಣ ಬೇಡ. ಅಕ್ಕಿ ರೊಟ್ಟಿ, ಕಡುಬು ಬಿಡಬೇಕಿಲ್ಲ, ಪಕ್ಕದ ಬಟ್ಟಲು ದೊಡ್ಡದಾಗಲಿ. ನೂರು ಗ್ರಾಂ ಹುರುಳಿಕಾಳಿನಲ್ಲಿ 20 ಗ್ರಾಂಗಿಂತ ಹೆಚ್ಚು ಪ್ರೊಟೀನ್ ಇದೆ, ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ದುಬಾರಿ ಡಬ್ಬಿಯ ಪುಡಿ ಸದ್ಯಕ್ಕೆ ಅಂಗಡಿಯಲ್ಲೇ ಇರಲಿ. ಕಾಫಿ ಸೀಮೆಯವರಿಗೆ ಹೇಳಲು ಅಂಜಿಕೆಯಾಗುವ ಮಾತೊಂದಿದೆ: ಪಲ್ಪರ್ ಪಕ್ಕ ನಿಂತು ರಾತ್ರಿ ಏಳಕ್ಕೆ ಕುಡಿಯುವ ಆ ಲೋಟ ಬಿಡಿ. ಒಳಗೆ ಹೋದ ಕೆಫೀನಿನ ಅರ್ಧ ಭಾಗ ಕಳೆಯಲು ಐದು ಗಂಟೆ ಆಸುಪಾಸು ಹಿಡಿಯುತ್ತದೆ, ಮತ್ತು ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ ಕೆಫೀನು. ಬೆಳಿಗ್ಗೆ ಚೀಲ ಎತ್ತುವ ಮೊದಲು ಕುಡಿಯಿರಿ, ಆಗ ಅದು ಕೆಲಸಕ್ಕೂ ಬರುತ್ತದೆ. ಬಿ.ಪಿ. ಇದ್ದರೆ, ಹಳೆಯ ಬೆನ್ನುನೋವು ಅಥವಾ ಹರ್ನಿಯಾ ಇದ್ದರೆ ಚೀಲ ಮುಟ್ಟುವ ಮೊದಲು ಡಾಕ್ಟರಿಗೆ ತೋರಿಸಿ. ಎತ್ತುವಾಗ ಉಸಿರು ಕಟ್ಟಬೇಡಿ.

ಈ ನವೆಂಬರಿನಿಂದ ಶುರು ಮಾಡಿ, ಮೇ ತಿಂಗಳಿಗೆ ಕಾಯಬೇಡಿ. ರೊಬಸ್ಟಾ ಕುಯ್ಲು ಮುಗಿದು ಕಣ ಗುಡಿಸಿದ ದಿನ ಪುಸ್ತಕದ ಒಂದು ಪುಟದ ಫೋಟೋ ತೆಗೆದು ನನಗೆ ಕಳಿಸಿ. ಸೊನ್ನೆಗಳನ್ನು ಅಳಿಸಬೇಡಿ. ಹೂಮಳೆ ಎಷ್ಟು ಸೆಂಟ್ಸ್ ಬಿತ್ತು, ಬ್ಯಾಕಿಂಗ್ ಬಂತೋ ಇಲ್ಲವೋ, ಅದನ್ನೂ ಬರೆಯಿರಿ.